ಸೆನ್ಸರ್ ಹಾಕಿದ್ಮೇಲೆ ತಪ್ಪೇ ಆಗಲ್ವಾ? ಕಾಡತೂಸು ತುಂಬೋ ಮಷಿನ್ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಒಂದೇ ವಿಷಯದ ಮೇಲೆ ಪ್ರಶ್ನೆ ಜಾಸ್ತಿ ಇದ್ದಿದ್ರಿಂದ ಪೂರ್ತಿ ಅಂಕಣ ಅದಕ್ಕೇ ಇಟ್ಟಿದೀನಿ. ಗುರಿ ಸ್ಪರ್ಧೆಗೆ ಹೋಗೋರು ಹಾರಿಸಿದ ಮೇಲೆ ಉಳಿಯೋ ಹಿತ್ತಾಳೆ ಕೇಸ್‌ಗಳನ್ನ ಎಸೀದೆ, ಮತ್ತೆ ಕೇಪು (ಹೊಡೆತ ಬಿದ್ರೆ ಮದ್ದಿಗೆ ಕಿಡಿ ಕೊಡೋ, ಕೇಸಿನ ತಳದಲ್ಲಿ ಕೂರೋ ಸಣ್ಣ ಬಿಲ್ಲೆ), ಮದ್ದು, ಗುಂಡು ಹಾಕಿ ಕಾಡತೂಸು ಮಾಡ್ಕೋತಾರಲ್ಲ, ಅದೇ ರೀಲೋಡಿಂಗ್. ಅದನ್ನ ಮಾಡೋ ಪ್ರೆಸ್‌ಗೆ ಈಗ ಮೋಟರ್ ಬಂದಿದೆ, ಮೋಟರ್ ಹಿಂದೆನೇ ಎಲೆಕ್ಟ್ರಾನಿಕ್ ಸೆನ್ಸರ್‌ಗಳು ಬಂದಿವೆ. ಕೆಲವು ಪತ್ರ ತುಂಬಾ ಉದ್ದ ಇದ್ವು, ಕಡಿಮೆ ಮಾಡಿದೀನಿ, ವಿಷಯ ಬಿಟ್ಟಿಲ್ಲ.

ಪ್ರಶ್ನೆ: ಸರ್, ನಾನು ಪಿಸ್ತೂಲ್ ಸ್ಪರ್ಧೆಗೆ ಹೋಗ್ತೀನಿ, 9 ಎಂಎಂ ಕಾಡತೂಸು ನಾನೇ ತುಂಬ್ಕೋತೀನಿ. ಇಷ್ಟು ದಿನ ಕೈಯಲ್ಲಿ ಹ್ಯಾಂಡಲ್ ಎಳೆಯೋ ಪ್ರೋಗ್ರೆಸಿವ್ ಪ್ರೆಸ್ ಇತ್ತು, ಈಗ ಭುಜ ನೋವು ಶುರುವಾಗಿದೆ, ಅದಕ್ಕೆ ಮೋಟರ್ ಹಾಕ್ಸೋಣ ಅಂತಿದೀನಿ. ಮಾರೋರು ಐದಾರು ಸೆನ್ಸರ್‌ಗಳ ಪಟ್ಟಿ ಕೊಟ್ಟಿದಾರೆ, ಎಲ್ಲಾ ಒಟ್ಟಿಗೆ ತಗೊಳ್ಳೋಕೆ ಆಗಲ್ಲ. ಸೆನ್ಸರ್ ಇದ್ರೆ ತಪ್ಪು ಆಗೋಕೆ ಸಾಧ್ಯನೇ ಇಲ್ಲ ಅಂತಾರೆ ಗೆಳೆಯರು. ಮೊದಲು ಯಾವುದು ತಗೊಳ್ಲಿ?

ಉತ್ತರ: ಗೆಳೆಯರ ಮಾತು ಮೊದಲು ಪಕ್ಕಕ್ಕಿಡಿ. ಮೋಟರ್ ಹಾಕಿದಾಗ ನೀವು ಏನು ಕಳ್ಕೋತೀರಿ ಅಂತ ಗೊತ್ತಾದ್ರೆ ಯಾವ ಸೆನ್ಸರ್ ಮೊದಲು ಅನ್ನೋದು ತಾನಾಗೇ ಗೊತ್ತಾಗುತ್ತೆ.

ನಿಮ್ಮ ಪ್ರೆಸ್‌ನಲ್ಲಿ ಒಂದು ಸಲ ಹ್ಯಾಂಡಲ್ ಎಳೆದ್ರೆ ಶೆಲ್ ಪ್ಲೇಟ್, ಅಂದ್ರೆ ಕೇಸ್‌ಗಳು ಕೂರೋ ದುಂಡು ತಟ್ಟೆ, ಒಂದು ಮನೆ ಮುಂದೆ ತಿರುಗುತ್ತೆ. ಪ್ರತಿ ಸ್ಟೇಷನ್‌ನಲ್ಲೂ ಒಂದೊಂದು ಕೇಸ್ ಕೂತಿರುತ್ತೆ, ಒಂದ್ಕಡೆ ಹಳೇ ಕೇಪು ಹೊರಗೆ ಬೀಳ್ತಿರುತ್ತೆ, ಪಕ್ಕದಲ್ಲಿ ಹೊಸ ಕೇಪು ಕೂರ್ತಿರುತ್ತೆ, ಅದರಾಚೆ ಮದ್ದು ಬೀಳ್ತಿರುತ್ತೆ, ಆಮೇಲೆ ಗುಂಡು, ಕೊನೆಗೆ ಕೇಸಿನ ಬಾಯಿ ಬಿಗಿ ಮಾಡೋದು, ಇಷ್ಟೂ ಒಂದೇ ಎಳೆತಕ್ಕೆ ನಡೆದುಹೋಗುತ್ತೆ. ಹೊಲಿಗೆ ಮಷಿನ್ ತುಳಿಯೋರಿಗೆ ಸೂಜಿ ಬಟನ್‌ಗೆ ತಾಗಿದ್ದು ಕಾಲಿಗೇ ಗೊತ್ತಾಗೋ ಹಾಗೆ, ಹ್ಯಾಂಡಲ್ ಎಳೆಯೋ ಕೈಗೆ ಇದರಲ್ಲಿ ಏನಾದ್ರೂ ಎಡವಟ್ಟಾದ್ರೆ ಗೊತ್ತಾಗುತ್ತೆ. ಮೋಟರ್‌ಗೆ ಗೊತ್ತಾಗಲ್ಲ, ಅದು ಒತ್ತುತ್ತೆ ಅಷ್ಟೇ.

ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ಹಳೇ ಕೇಪನ್ನ ತಳ್ಳೋ ಪಿನ್ ಕೆಳಗೆ ಬಂದು ಕೇಪನ್ನ ತಳ್ತು, ಆದ್ರೆ ಪಿನ್ ಮೇಲೆ ಹೋಗೋವಾಗ ಕೇಪು ಅದರ ತುದಿಗೆ ಅಂಟ್ಕೊಂಡು ವಾಪಸ್ ಕೇಸಿನ ತಳದ ಗೂಡಿನೊಳಗೇ ಬಂದು ಕೂತ್ಕೊಳ್ತು. ಇದು ಅಪರೂಪ ಅಲ್ಲ. ಕೆಲವು ಸಲ ಕೇಪಿನ ತಳ ಮಾತ್ರ ತೂತಾಗಿ ಅಂಚಿನ ಬಳೆ ಒಳಗೇ ಉಳಿಯುತ್ತೆ. ಮುಂದಿನ ಸ್ಟೇಷನ್‌ನಲ್ಲಿ ಹೊಸ ಕೇಪು ಬಂದು ಹಳೇದಕ್ಕೆ ಮುಖ ಕೊಟ್ಟು ನಿಲ್ಲುತ್ತೆ. ಕೈಯಲ್ಲಿ ಎಳೆಯೋರಾದ್ರೆ ಇಲ್ಲಿ ನಿಲ್ಲಿಸ್ತಾರೆ, ಯಾಕಂದ್ರೆ ಹ್ಯಾಂಡಲ್ ಗಟ್ಟಿ ಬರುತ್ತೆ. ಮೋಟರ್ ಆದ್ರೆ ಕೇಪನ್ನ ಅಪ್ಪಚ್ಚಿ ಮಾಡುತ್ತೆ, ಕೇಪಿನೊಳಗೆ ಇರೋದು ಲೆಡ್ ಸ್ಟಿಫ್ನೇಟ್ ತರದ, ಹೊಡೆತ ಬಿದ್ರೆ ಹೊತ್ಕೊಳ್ಳೋಕೆ ಅಂತಲೇ ಮಾಡಿದ ಮಿಶ್ರಣ. ಅಲ್ಲೇ ಪಕ್ಕದ ಟ್ಯೂಬ್‌ನಲ್ಲಿ ನೂರು ಕೇಪು ಒಂದರ ಮೇಲೊಂದು ಕೂತಿರುತ್ತೆ. ಒಂದು ಸಿಡಿದ್ರೆ ಪೂರ್ತಿ ಟ್ಯೂಬ್ ಸಿಡಿಯೋ ಸಾಧ್ಯತೆ ಇರೋದ್ರಿಂದಲೇ ಟ್ಯೂಬ್ ಸುತ್ತ ದಪ್ಪ ಉಕ್ಕಿನ ಕವಚ ಕೊಟ್ಟಿರ್ತಾರೆ, ಅದನ್ನ ಯಾವತ್ತೂ ತೆಗೀಬೇಡಿ.

ಹಾಗಾಗಿ ಸೆನ್ಸರ್‌ಗಿಂತ ಮುಂಚೆ ಮೋಟರ್‌ನಲ್ಲೇ ಟಾರ್ಕ್ ಮಿತಿ ಇದ್ಯಾ ನೋಡಿ, ಅಂದ್ರೆ ಇಷ್ಟಕ್ಕಿಂತ ಜಾಸ್ತಿ ಬಲ ಬೇಕಾಯ್ತು ಅಂದ್ರೆ ತಾನೇ ನಿಲ್ಲೋ ಕ್ಲಚ್ಚೋ ಎಲೆಕ್ಟ್ರಾನಿಕ್ ಮಿತಿಯೋ. ಅದು ಇಲ್ದೆ ಇರೋ ಮೋಟರ್ ಕಡಿಮೆ ಬೆಲೆಗೆ ಸಿಗುತ್ತೆ ಅಂತ ತಗೋಬೇಡಿ. ಮಿತಿ ಇದ್ರೆ ಅದನ್ನ ಕೆಲಸ ನಡೆಯೋಷ್ಟು ಮಾತ್ರ ಇಡಿ, ನಿಲ್ಲುತ್ತೆ ಅಂತ ಏರಿಸ್ತಾ ಹೋಗ್ಬೇಡಿ.

ಇನ್ನು ಸೆನ್ಸರ್ ಆಯ್ಕೆಗೆ ನನ್ನ ಲೆಕ್ಕ ಒಂದೇ. ತಯಾರಾದ ಕಾಡತೂಸು ಕೈಯಲ್ಲಿ ಹಿಡಿದು ನೋಡಿದ್ರೆ ಕಾಣದೇ ಇರೋ ತಪ್ಪು ಯಾವುದೋ ಅದಕ್ಕೆ ಮೊದಲು ಸೆನ್ಸರ್, ಕಣ್ಣಿಗೆ ಕಾಣೋ ತಪ್ಪಿಗೆ ಕೊನೆಗೆ. ಗುಂಡು ಇಲ್ದೆ ಬಂದ್ರೆ ಕಾಣುತ್ತೆ, ಮದ್ದು ಚೆಲ್ಲಿ ರಗಳೆ ಆಗುತ್ತೆ, ಆದ್ರೆ ಅದನ್ನ ಯಾರೂ ಪಿಸ್ತೂಲ್‌ಗೆ ಹಾಕಲ್ಲ. ಕೇಪು ತಲೆಕೆಳಗಾಗಿ ಕೂತಿದ್ರೆ, ಮೇಲೆದ್ದು ನಿಂತಿದ್ರೆ ತಳ ನೋಡಿದ್ರೆ ಕಾಣುತ್ತೆ, ಬೆರಳಾಡಿಸಿದ್ರೂ ಗೊತ್ತಾಗುತ್ತೆ. ಮದ್ದು ಬಿದ್ದಿದ್ಯಾ, ಎರಡು ಸಲ ಬಿದ್ದಿದ್ಯಾ ಅನ್ನೋದು ಮಾತ್ರ ಗುಂಡು ಕೂತ ಮೇಲೆ ಯಾರಿಗೂ ಕಾಣಲ್ಲ. ಆದ್ದರಿಂದ ಮೊದಲನೇ ದುಡ್ಡು ಮದ್ದಿನ ಸೆನ್ಸರ್‌ಗೆ. ಎರಡನೇದು ಹಳೇ ಕೇಪು ನಿಜವಾಗ್ಲೂ ಹೊರಗೆ ಬಿತ್ತಾ ಅಂತ ನೋಡೋ ಸೆನ್ಸರ್‌ಗೆ, ಇದು ಕಾಡತೂಸಿಗಿಂತ ನಿಮ್ಮ ಕೈ ಕಣ್ಣಿನ ಸುರಕ್ಷತೆಗೆ. ಹೊಸ ಕೇಪು ಖಾಲಿಯಾದಾಗ ನಿಲ್ಲಿಸೋದು, ಗುಂಡು ಇದ್ಯಾ ನೋಡೋದು, ಕೇಸ್ ಬಂತಾ ನೋಡೋದು ಇವೆಲ್ಲ ಆಮೇಲೆ ನಿಧಾನಕ್ಕೆ ತಗೊಳ್ಳಿ. ಕಣ್ಣಿಗೆ ಕನ್ನಡಕ ಮಾತ್ರ ಯಾವ ಸೆನ್ಸರ್ ಇದ್ರೂ ಬಿಡಬೇಡಿ.

ಪ್ರಶ್ನೆ: ಮದ್ದಿನ ಸೆನ್ಸರ್ ಹಾಕಿದೀನಿ. ಡಿಜಿಟಲ್ ಡಿಸ್‌ಪ್ಲೇ ಎಲ್ಲಾ ಇದೆ. ಇನ್ಮೇಲೆ ತಕ್ಕಡಿಯಲ್ಲಿ ತೂಕ ಮಾಡೋದು ಬಿಡಬಹುದಾ? 0.2 ಗ್ರೇನ್ ಹೆಚ್ಚು ಕಡಿಮೆ ಆದ್ರೂ ಇದು ಹಿಡಿಯುತ್ತಾ?

ಉತ್ತರ: ಬಿಡಬೇಡಿ. ಈ ಸೆನ್ಸರ್ ತೂಕ ನೋಡಲ್ಲ, ಎತ್ತರ ನೋಡುತ್ತೆ. ಒಂದು ಕಡ್ಡಿ ಕೇಸಿನೊಳಗೆ ಇಳಿದು ಮದ್ದಿನ ಮೇಲೆ ಕೂರುತ್ತೆ, ಆ ಕಡ್ಡಿ ಎಷ್ಟು ಎತ್ತರದಲ್ಲಿ ನಿಂತ್ಕೊಳ್ತು ಅಂತ ಎಲೆಕ್ಟ್ರಾನಿಕ್ಸ್ ಓದುತ್ತೆ.

ಲೆಕ್ಕ ಹಾಕಿ ನೋಡಿ. ಒಂದು ಗ್ರೇನ್ ಅಂದ್ರೆ 64.8 ಮಿಲಿಗ್ರಾಂ, 0.2 ಗ್ರೇನ್ ಅಂದ್ರೆ 13 ಮಿಲಿಗ್ರಾಂ. ಒಂದು ಘನ ಸೆಂಟಿಮೀಟರ್‌ಗೆ 0.7 ಗ್ರಾಂ ತೂಗೋ ಮದ್ದು ಅಂದ್ಕೊಂಡ್ರೆ, 9 ಎಂಎಂ ಕೇಸಿನೊಳಗೆ ಅಷ್ಟು ಮದ್ದಿನಿಂದ ಏರೋ ಎತ್ತರ ಸುಮಾರು 0.3 ಮಿಲಿಮೀಟರ್. ಮದ್ದು ಕೇಸಿನೊಳಗೆ ಒಂದ್ಕಡೆ ವಾಲಿ ಬಿದ್ದಿದ್ರೇನೇ ಅದಕ್ಕಿಂತ ಜಾಸ್ತಿ ವ್ಯತ್ಯಾಸ ಬರುತ್ತೆ, ಬೇರೆ ಬೇರೆ ಕಂಪನಿ ಕೇಸ್‌ಗಳ ಗೋಡೆ ದಪ್ಪ, ತಳದ ದಪ್ಪ ಬೇರೆ ಬೇರೆ, ಅದರಿಂದ್ಲೂ ಬರುತ್ತೆ. ಸೆನ್ಸರ್‌ನ ಅಷ್ಟು ಸೂಕ್ಷ್ಮಕ್ಕೆ ಸೆಟ್ ಮಾಡಿದ್ರೆ ನಿಮಿಷಕ್ಕೊಂದ್ಸಲ ಸುಮ್ನೆ ಸುಮ್ನೆ ನಿಲ್ಲುತ್ತೆ.

ಅದು ಇರೋದು ಎರಡು ದೊಡ್ಡ ತಪ್ಪು ಹಿಡಿಯೋಕೆ. ಒಂದು, ಮದ್ದೇ ಬೀಳದೇ ಇರೋದು. ಆಗ ಬರೀ ಕೇಪಿನ ಬಲಕ್ಕೆ ಗುಂಡು ಹೊರಟು ನಳಿಗೆ ಮಧ್ಯದಲ್ಲೇ ಸಿಕ್ಕಾಕ್ಕೊಳ್ಳುತ್ತೆ, ಅದು ಗೊತ್ತಿಲ್ದೆ ಇನ್ನೊಂದು ಹಾರಿಸಿದ್ರೆ ನಳಿಗೆ ಉಬ್ಬುತ್ತೆ ಇಲ್ಲಾ ಒಡೆಯುತ್ತೆ. ಎರಡು, ಡಬಲ್ ಚಾರ್ಜ್, ಅಂದ್ರೆ ಒಂದೇ ಕೇಸಿಗೆ ಎರಡು ಸಲ ಮದ್ದು ಬೀಳೋದು. 9 ಎಂಎಂಗೆ ಕಾಡತೂಸುಗಳಿಗೆ ಮಾನದಂಡ ಹಾಕೋ ಅಮೆರಿಕದ ಸಾಮಿ ಸಂಸ್ಥೆ ಇಟ್ಟಿರೋ ಒತ್ತಡದ ಗರಿಷ್ಠ ಮಿತಿ 35,000 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್), ಮದ್ದು ಎರಡರಷ್ಟಾದ್ರೆ ಒತ್ತಡ ಎರಡರಷ್ಟಕ್ಕೇ ನಿಲ್ಲಲ್ಲ, ಅದಕ್ಕಿಂತ ಜಾಸ್ತಿ ಏರುತ್ತೆ, ಯಾಕಂದ್ರೆ ಒತ್ತಡ ಹೆಚ್ಚಿದಷ್ಟೂ ಮದ್ದು ಬೇಗ ಉರಿಯುತ್ತೆ. ಕೇಸು ತುಂಬಿ ಚೆಲ್ಲುತ್ತೆ, ಗೊತ್ತಾಗುತ್ತೆ ಬಿಡಿ ಅಂತ ಎಷ್ಟೋ ಜನ ಅಂದ್ಕೋತಾರೆ. ಕೆಲವು ಗಾತ್ರದಲ್ಲಿ ಚೆಲ್ಲುತ್ತೆ, ಕೆಲವದರಲ್ಲಿ ಇಲ್ಲ. .38 ಸ್ಪೆಷಲ್ ಅನ್ನೋ ರಿವಾಲ್ವರ್ ಕಾಡತೂಸು 1898ರ ಕಾಲದ್ದು, ಕರಿಮದ್ದು ತುಂಬೋಕೆ ಅಂತ ಮಾಡಿದ ದೊಡ್ಡ ಕೇಸು, ಇವತ್ತಿನ ಹೊಗೆ ಇಲ್ಲದ ಮದ್ದು ಅದರ ತಳದಲ್ಲಿ ಸ್ವಲ್ಪ ಕೂರುತ್ತೆ, ಎರಡು ಸಲ ಬಿದ್ರೂ ಆರಾಮಾಗಿ ಹಿಡಿಸುತ್ತೆ. ದಪ್ಪಗೆ ತುಂಬೋ ಮದ್ದು ಆರಿಸ್ಕೊಂಡ್ರೆ, ಅಂದ್ರೆ ಒಂದು ಚಾರ್ಜ್‌ಗೇ ಅರ್ಧಕ್ಕಿಂತ ಜಾಸ್ತಿ ಕೇಸು ತುಂಬೋ ಹಾಗೆ, ಡಬಲ್ ಬಿದ್ರೆ ಚೆಲ್ಲಿ ತಾನೇ ಹೇಳುತ್ತೆ. ಇದು ಯಾವ ವೈರೂ ಬೇಡದ ರಕ್ಷಣೆ, ಸೆನ್ಸರ್ ಇದ್ರೂ ಇದನ್ನ ಮಾಡ್ಕೊಳ್ಳಿ.

ತಕ್ಕಡಿ ಯಾಕೆ ಬೇಕು ಅಂದ್ರೆ, ಮೋಟರ್ ಒಂದೇ ಸಮ ಅಲುಗಾಡಿಸ್ತಾ ಇರುತ್ತಲ್ಲ, ಹಾಪರ್‌ನಲ್ಲಿ, ಅಂದ್ರೆ ಮದ್ದು ತುಂಬಿಡೋ ಡಬ್ಬಿಯಲ್ಲಿ, ಮದ್ದು ಕುಳಿತು ಗಟ್ಟಿಯಾಗುತ್ತೆ, ಅಳತೆಯ ಗೂಡಿಗೆ ಅದೇ ಜಾಗದಲ್ಲಿ ಸ್ವಲ್ಪ ಜಾಸ್ತಿ ಮದ್ದು ಹಿಡಿಯುತ್ತೆ. ಹಾಪರ್ ಖಾಲಿಯಾಗ್ತಾ ಬಂದಾಗ ಇನ್ನೊಂದು ತರ. ಈ ನಿಧಾನದ ಏರಿಳಿತ ತಕ್ಕಡಿಗೆ ಮಾತ್ರ ಕಾಣುತ್ತೆ. ಕೆಲಸ ಶುರು ಮಾಡಿದಾಗ, ಮಧ್ಯೆ ಮಧ್ಯೆ, ಹಾಪರ್ ತುಂಬಿದ ಪ್ರತಿ ಸಲ ತೂಗಿ.

ಅಂದಹಾಗೆ ಎಲೆಕ್ಟ್ರಾನಿಕ್ ಬರೋಕ್ ಮುಂಚೆಯಿಂದ್ಲೂ ಈ ಕೆಲಸಕ್ಕೆ ಉಪಾಯ ಇದ್ವು. ರೀಲೋಡಿಂಗ್ ಸಾಮಾನು ಮಾಡೋ ಕಂಪನಿಗಳಲ್ಲಿ ಡಿಲನ್‌ನವರ ಪೌಡರ್ ಚೆಕ್ ತಪ್ಪಾದ್ರೆ ಬಜರ್ ಕೂಗುತ್ತೆ, ಆರ್‌ಸಿಬಿಎಸ್‌ನವರ ಲಾಕ್ ಔಟ್ ಡೈ ಪ್ರೆಸ್ಸನ್ನೇ ಹಿಡ್ಕೊಳ್ಳುತ್ತೆ, ಹಾರ್ನಡಿಯವರ ಪೌಡರ್ ಕಾಪ್‌ನಲ್ಲಿ ಕಡ್ಡಿ ಏರಿದ್ದನ್ನ ನೀವೇ ಕಣ್ಣಲ್ಲಿ ನೋಡ್ಬೇಕು. ಮೂರರಲ್ಲೂ ತತ್ವ ಅದೇ ಎತ್ತರ. ಕೈ ಪ್ರೆಸ್ ಇರೋರಿಗೆ ಇವತ್ತಿಗೂ ಇವು ಸಾಕು. ಮೋಟರ್‌ಗೆ ಕೂಗೋ ಸೆನ್ಸರ್ ಸಾಲಲ್ಲ, ನಿಲ್ಲಿಸೋದೇ ಬೇಕು, ಕೂಗಿದ್ದು ನಿಮ್ಮ ಕಿವಿಗೆ ಬಿದ್ದು ನೀವು ಸ್ವಿಚ್ ಒತ್ತೋ ಹೊತ್ತಿಗೆ ಆ ಕೇಸು ಎರಡು ಮನೆ ದಾಟಿರುತ್ತೆ.

ಪ್ರಶ್ನೆ: ಇದನ್ನೆಲ್ಲ ಮನೇಲಿ ಯಾರು ಬೇಕಾದ್ರೂ ಮಾಡಬಹುದಾ?

ಉತ್ತರ: ಇಲ್ಲ. ಒಂದೊಂದು ದೇಶದಲ್ಲಿ ಒಂದೊಂದು ಕಾನೂನು, ಕೆಲವು ಕಡೆ ಹವ್ಯಾಸಕ್ಕೆ ಬಿಟ್ಟಿದಾರೆ, ಕೆಲವು ಕಡೆ ಪ್ರತ್ಯೇಕ ಲೈಸೆನ್ಸ್ ಇಲ್ದೆ ಮುಟ್ಟೋ ಹಾಗೇ ಇಲ್ಲ. ನೀವಿರೋ ಕಡೆ ಅನುಮತಿ ಕೈಗೆ ಬಂದ ಮೇಲೆ ಮುಂದಿನ ಮಾತು.

ಪ್ರಶ್ನೆ: ಸರ್, ನಾನು ಎಲೆಕ್ಟ್ರಾನಿಕ್ಸ್ ಓದ್ತಿದೀನಿ. ನಮ್ಮ ಮಾವ ಲೈಸೆನ್ಸ್ ಇರೋ ಶೂಟಿಂಗ್ ಕ್ಲಬ್‌ನಲ್ಲಿ ಪ್ರೆಸ್ ನೋಡ್ಕೋತಾರೆ, ಅವರಿಗೆ ಗುಂಡು ಇದ್ಯಾ ಇಲ್ವಾ ನೋಡೋ ಸೆನ್ಸರ್ ಮಾಡ್ಕೊಡ್ತೀನಿ ಅಂದೆ. 4 ಮಿಲಿಮೀಟರ್ ರೇಂಜಿನ, ಲೋಹ ಹತ್ತಿರ ಬಂದ್ರೆ ಮುಟ್ಟದೇ ಗುರುತಿಸೋ ಇಂಡಕ್ಟಿವ್ ಪ್ರಾಕ್ಸಿಮಿಟಿ ಸೆನ್ಸರ್ ತಂದು 3 ಮಿಲಿಮೀಟರ್ ದೂರಕ್ಕೆ ಇಟ್ಟೆ. ಸ್ಕ್ರೂಡ್ರೈವರ್ ತೋರಿಸಿದ್ರೆ ಲೈಟ್ ಹತ್ತುತ್ತೆ, ಕಾಡತೂಸು ತೋರಿಸಿದ್ರೆ ಹತ್ತಲ್ಲ. ಸೆನ್ಸರ್ ಹಾಳಾಗಿದ್ಯಾ?

ಉತ್ತರ: ಸೆನ್ಸರ್ ಚೆನ್ನಾಗೇ ಇದೆ. ಇಂಡಕ್ಟಿವ್ ಸೆನ್ಸರ್ ಮೇಲೆ ಬರೆದಿರೋ 4 ಮಿಲಿಮೀಟರ್ ಅನ್ನೋದು ಮೆದು ಉಕ್ಕಿನ ಚಪ್ಪಟೆ ತಗಡಿಗೆ ಹೇಳಿದ್ದು. ಹಿತ್ತಾಳೆ ಆದ್ರೆ ಅದರ ಅರ್ಧದ ಆಸುಪಾಸು, ತಾಮ್ರ, ಅಲ್ಯುಮಿನಿಯಂ ಆದ್ರೆ ಇನ್ನೂ ಸ್ವಲ್ಪ ಕಡಿಮೆ. ನಿಮ್ಮ ಗುಂಡು ತಾಮ್ರದ ಹೊದಿಕೆಯ ಸೀಸ, ಮೇಲಾಗಿ ದುಂಡಗಿದೆ, ಚಪ್ಪಟೆ ಅಲ್ಲ. 3 ಮಿಲಿಮೀಟರ್ ದೂರದಿಂದ ಅದಕ್ಕೆ ಕಾಣಲ್ಲ. ಕೇಸು ಬಂತಾ ಅಂತ ನೋಡೋಕೆ ಇದೇ ಸೆನ್ಸರ್ನ 1 ಮಿಲಿಮೀಟರ್ ಹತ್ತಿರಕ್ಕೆ ತಂದು ಗಟ್ಟಿ ಬ್ರಾಕೆಟ್‌ನಲ್ಲಿ ಕೂರಿಸಿದ್ರೆ ನಡೆಯುತ್ತೆ. ಗುಂಡಿಗೆ ಬೆಳಕಿನ ಸೆನ್ಸರ್ ವಾಸಿ, ಒಂದ್ಕಡೆಯಿಂದ ಕಿರಣ ಬಿಟ್ಟು ಎದುರುಗಡೆ ಹಿಡಿಯೋದು, ಮಧ್ಯೆ ಗುಂಡು ಬಂದ್ರೆ ಕಿರಣ ಕಡಿಯುತ್ತೆ, ಲೋಹ ಯಾವುದಾದ್ರೇನು ಅದಕ್ಕೆ. ಜಾಗ ಇಕ್ಕಟ್ಟಾದ್ರೆ ಫೈಬರ್ ಆಪ್ಟಿಕ್ ತುದಿ ಸಿಗುತ್ತೆ. ಆದ್ರೆ ಮದ್ದಿನ ಮೇಲೆ ಗ್ರಾಫೈಟ್ ಲೇಪ ಇರುತ್ತೆ, ಆ ಕಪ್ಪು ಧೂಳು ಲೆನ್ಸ್ ಮೇಲೆ ಕೂರುತ್ತೆ, ಒರೆಸ್ತಾ ಇರ್ಬೇಕು. ಸಾದಾ ಮೈಕ್ರೋಸ್ವಿಚ್‌ನ ಲಿವರ್ ಗುಂಡಿಗೆ ತಾಗೋ ಹಾಗೆ ಇಟ್ರೂ ಆಗುತ್ತೆ, ಅದನ್ನ ಕಡೆಗಣಿಸ್ಬೇಡಿ.

ನೀವು ಕೇಳದೇ ಇರೋ ಮೂರು ವಿಷಯ ಹೇಳ್ಲೇಬೇಕು, ಯಾಕಂದ್ರೆ ಮನೇಲಿ ಮಾಡೋ ಸೆನ್ಸರ್‌ಗಳು ಎಡವೋದು ಇಲ್ಲೇ.

ಒಂದು, ವೈರಿಂಗ್. ಎಲ್ಲಾ ಸರಿ ಇದ್ದಾಗ ಕರೆಂಟ್ ಹರೀತಾ ಇರ್ಬೇಕು, ತಪ್ಪಾದಾಗ ಕಡೀಬೇಕು, ನಾರ್ಮಲಿ ಕ್ಲೋಸ್ಡ್ ಅಂತಾರಲ್ಲ ಆ ತರ. ಉಲ್ಟಾ ಮಾಡಿದ್ರೆ, ಅಂದ್ರೆ ತಪ್ಪಾದಾಗ ಮಾತ್ರ ಸಿಗ್ನಲ್ ಬರೋ ಹಾಗೆ ಮಾಡಿದ್ರೆ, ಅಲುಗಾಟಕ್ಕೆ ವೈರ್ ಕಿತ್ತೋದ ದಿನ ಸೆನ್ಸರ್ ಸತ್ತಿದೆ ಅನ್ನೋದೇ ಯಾರಿಗೂ ಗೊತ್ತಾಗಲ್ಲ, ಮಷಿನ್ ಮಾತ್ರ ಎಲ್ಲಾ ಸರಿ ಇದೆ ಅಂದ್ಕೊಂಡು ಓಡ್ತಾ ಇರುತ್ತೆ. ತಪ್ಪು ಕಂಡ್ರೆ ಮಷಿನ್ ತಾನೇ ನಿಲ್ಲಬೇಕು ಅನ್ನೋ ಯೋಚನೆ ಹೊಸದಲ್ಲ, ಜಪಾನಿನ ಸಕಿಚಿ ಟೊಯೋಡಾ ಅವರ 1924ರ ಜಿ ಮಾದರಿ ಮಗ್ಗ ದಾರ ಕಡಿದ ತಕ್ಷಣ ತಾನೇ ನಿಲ್ತಿತ್ತು, ಅದರಲ್ಲಿ ಎಲೆಕ್ಟ್ರಾನಿಕ್ಸ್ ಏನೂ ಇರಲಿಲ್ಲ. ಏನೋ ಒಂದು ಇಲ್ಲವಾದಾಗ ನಿಲ್ಲೋದು ಅನ್ನೋದೇ ಅದರ ಮೂಲ, ನಿಮ್ಮ ಸರ್ಕ್ಯೂಟೂ ಹಾಗೇ ಇರಲಿ.

ಎರಡು, ಟೈಮಿಂಗ್. ಗಂಟೆಗೆ 1,800 ಕಾಡತೂಸು ವೇಗದಲ್ಲಿ ಒಂದು ಸುತ್ತಿಗೆ 2 ಸೆಕೆಂಡ್ ಸಿಗುತ್ತೆ, 3,600 ಆದ್ರೆ 1 ಸೆಕೆಂಡ್. ಅದರಲ್ಲೂ ಗುಂಡು ಸೆನ್ಸರ್ ಎದುರಿಗೆ ಸರಿಯಾಗಿ ನಿಂತಿರೋದು ಸುತ್ತಿನ ಒಂದು ಸಣ್ಣ ಪಾಲು ಮಾತ್ರ. ಯಾವಾಗ ಬೇಕಾದ್ರೂ ಓದಿದ್ರೆ ಸುಳ್ಳು ಉತ್ತರ ಬರುತ್ತೆ, ಶಾಫ್ಟ್‌ಗೆ ಒಂದು ಕ್ಯಾಮ್ ಸ್ವಿಚ್ಚೋ ಎನ್‌ಕೋಡರೋ ಹಾಕಿ ಈಗ ಓದು ಅಂತ ಮಷಿನ್ನೇ ಹೇಳೋ ಹಾಗೆ ಮಾಡಿ.

ಮೂರನೇದು ತುಂಬಾ ಮುಖ್ಯ, ಇದೆ ಅಂತ ಹೇಳಿದ್ರೆ ಸಾಲದು, ಬದಲಾಗ್ಬೇಕು. ಗುಂಡು ಬಂದಾಗ ಆನ್ ಆಗಿ, ಅದು ಮುಂದೆ ಹೋದಾಗ ಆಫ್ ಆಗಿ, ಮತ್ತೆ ಮುಂದಿನದಕ್ಕೆ ಆನ್ ಆಗ್ಬೇಕು. ಪ್ರತಿ ಸುತ್ತಲ್ಲೂ ಈ ಎರಡೂ ಕಾಣದಿದ್ರೆ ನಿಲ್ಲಿಸಿ. ಇಲ್ದಿದ್ರೆ ಲೆನ್ಸ್ ಮೇಲೆ ಒಂದು ಚೂರು ಕಸ ಕೂತು ಕಿರಣ ಕಡಿದ್ರೂ ನಿಮ್ಮ ಪ್ರೋಗ್ರಾಂ ಅದನ್ನ ಗುಂಡು ಅಂತಲೇ ಎಣಿಸ್ತಾ ಹೋಗುತ್ತೆ.

ಇನ್ನು ಈ ಕೈಗಾರಿಕಾ ಸೆನ್ಸರ್‌ಗಳು ಹೆಚ್ಚಾಗಿ 24 ವೋಲ್ಟ್‌ನವು, ನಿಮ್ಮ ಮೈಕ್ರೋಕಂಟ್ರೋಲರ್‌ಗೆ ನೇರ ಕೊಟ್ರೆ ಸುಟ್ಟೋಗುತ್ತೆ, ಮಧ್ಯೆ ಬೆಳಕಿನ ಮೂಲಕ ಸಿಗ್ನಲ್ ದಾಟಿಸೋ ಆಪ್ಟೋಕಪ್ಲರ್ ಹಾಕಿ. ಮೋಟರ್ ವೈರು ಸೆನ್ಸರ್ ವೈರು ಒಂದೇ ಕಟ್ಟಲ್ಲಿ ಬೇಡ. ಕಿಡಿ ಹಾರೋ ರಿಲೇ ಡಬ್ಬಿ ಮದ್ದಿನ ಹಾಪರ್‌ನಿಂದ ದೂರ ಇರಲಿ, ಪ್ರೆಸ್ಸಿನ ಮೈಗೆ ಅರ್ಥಿಂಗ್ ಕೊಡಿ. ಮೋಟರ್ ನಿಲ್ಲಿಸೋ ಎಮರ್ಜೆನ್ಸಿ ಬಟನ್ ನಿಮ್ಮ ಪ್ರೋಗ್ರಾಂ ಮೂಲಕ ಹೋಗ್ಬಾರ್ದು, ನೇರ ಮೋಟರ್ ಕರೆಂಟನ್ನೇ ಕಡೀಬೇಕು. ನಿಮ್ಮ ಮಾವನ್ನ ಪಕ್ಕದಲ್ಲಿ ಕೂರಿಸ್ಕೊಂಡು ಕೇಪು, ಮದ್ದು ಎರಡೂ ಇಲ್ದೆ ಬರೀ ಖಾಲಿ ಕೇಸು, ಗುಂಡಲ್ಲಿ ಪೂರ್ತಿ ಪರೀಕ್ಷೆ ಮುಗಿಸಿ, ಆಮೇಲೆ ಅವರ ಕೈಗೆ ಕೊಡಿ.

ಪ್ರಶ್ನೆ: ನಮ್ಮಲ್ಲಿ ಮಷಿನ್ ಎಲ್ಲಾ ಸೆನ್ಸರ್ ಸಮೇತ ಇದೆ, ನಾನು ನಮ್ಮ ಭಾವ ಇಬ್ರೂ ಸೇರಿ ನಡೆಸ್ತೀವಿ. ಪದೇ ಪದೇ ನಿಲ್ಲುತ್ತೆ ಅಂತ ಭಾವ ಹಳೇ ಕೇಪಿನ ಸೆನ್ಸರ್ ವೈರ್ ಕಿತ್ತು ಎರಡು ತುದಿ ಸೇರಿಸಿ ಟೇಪ್ ಸುತ್ತಿಬಿಟ್ರು. ಈಗ ಚೆನ್ನಾಗಿ ಓಡ್ತಿದೆ. ಹೀಗೇ ನಡೆಸಿದ್ರೆ ಪರ್ವಾಗಿಲ್ವಾ? ದೊಡ್ಡೋರು, ನಾನು ಹೇಳಿದ್ರೆ ಬೇಜಾರು ಮಾಡ್ಕೋತಾರೆ.

ಉತ್ತರ: ನಡೆಸಬೇಡಿ. ಭಾವನಿಗೆ ಈ ಪುಟ ತೋರಿಸಿ, ನಾನು ಹೇಳಿದೆ ಅನ್ನಿ. ಅವರು ತೆಗೆದಿರೋದು ಪಟ್ಟಿಯಲ್ಲಿ ಎರಡನೇ ಮುಖ್ಯ ಸೆನ್ಸರ್ನ, ಮೊದಲನೇ ಉತ್ತರದಲ್ಲಿ ಹೇಳಿದ ಅಪ್ಪಚ್ಚಿಯಾಗೋ ಕೇಪಿಗೂ ನಿಮ್ಮ ಮುಖಕ್ಕೂ ಮಧ್ಯೆ ಇದ್ದಿದ್ದು ಅದೊಂದೇ.

ಆದ್ರೆ ಅವರ ಸಿಟ್ಟೂ ನ್ಯಾಯವೇ. ಸುಮ್ನೆ ನಿಲ್ಲೋ ಸೆನ್ಸರ್ನ ಯಾರಾದ್ರೂ ಒಂದಲ್ಲಾ ಒಂದು ದಿನ ಕಿತ್ತೇ ಕೀಳ್ತಾರೆ, ಅದು ಮನುಷ್ಯ ಸ್ವಭಾವ, ಅದಕ್ಕೆ ಸುಳ್ಳು ನಿಲುಗಡೆ ಕಡಿಮೆ ಮಾಡೋದೂ ಸುರಕ್ಷತೆಯ ಕೆಲಸನೇ. ಒಂದು ನೋಟ್‌ಬುಕ್ ಇಟ್ಟು ಪ್ರತಿ ಸಲ ನಿಂತಾಗ ಯಾವ ಸೆನ್ಸರ್, ಕೇಸಿನ ತಳದಲ್ಲಿ ಯಾವ ಗುರುತು, ಒಳಗೆ ನಿಜವಾಗ್ಲೂ ಏನಿತ್ತು ಅಂತ ಬರೀರಿ. ಕೆಲವು ದಿನದಲ್ಲೇ ಚಿತ್ರ ಸಿಗುತ್ತೆ. ಎಷ್ಟೋ ಸಲ ಸೆನ್ಸರ್ ಸುಳ್ಳೇ ಹೇಳಿರಲ್ಲ. ಮಿಲಿಟರಿ ಕೇಸ್‌ಗಳಲ್ಲಿ ಕೇಪು ಅಲ್ಲಾಡಬಾರ್ದು ಅಂತ ಸುತ್ತ ಅಂಚು ಬಿಗಿದಿರ್ತಾರೆ, ಅವು ಬೆರೆತಿದ್ರೆ ಕೇಪು ಬಿಡೋದು ಕಷ್ಟ. ಬರ್ಡನ್ ಮಾದರಿ ಕೇಸಲ್ಲಿ ನಡುವೆ ಒಂದು ತೂತಿನ ಬದಲು ಪಕ್ಕಕ್ಕೆ ಎರಡು ಸಣ್ಣ ತೂತಿರುತ್ತೆ, ಪಿನ್ ಹೋಗಿ ಗಟ್ಟಿ ತಳಕ್ಕೆ ಗುದ್ದುತ್ತೆ. 9 ಎಂಎಂ ಒಳಗೆ ಅದಕ್ಕಿಂತ ಸಣ್ಣ ಕೇಸು ಸಿಕ್ಕೊಂಡು ಬಂದಿರುತ್ತೆ. .45 ಎಸಿಪಿ ಅನ್ನೋ ಪಿಸ್ತೂಲ್ ಕಾಡತೂಸು ತುಂಬೋರಿಗೆ ಇನ್ನೊಂದು ಕಾಟ, ಅದೇ ಕೇಸು ದೊಡ್ಡ ಕೇಪಿಂದೂ ಬರುತ್ತೆ ಸಣ್ಣ ಕೇಪಿಂದೂ ಬರುತ್ತೆ, 0.210 ಇಂಚಿನ ಕೇಪನ್ನ 0.175 ಇಂಚಿನ ಗೂಡಿಗೆ ಮೋಟರ್ ತುರುಕೋಕೆ ನೋಡುತ್ತೆ. ಇದಕ್ಕೆಲ್ಲ ಪರಿಹಾರ ಪ್ರೆಸ್‌ನಲ್ಲಿಲ್ಲ, ಕೇಸ್ ವಿಂಗಡಿಸೋದರಲ್ಲಿದೆ. ವಿಂಗಡಿಸಿದ ಮೇಲೂ ನಿಲ್ತಿದ್ರೆ ಸೆನ್ಸರ್ ಬ್ರಾಕೆಟ್‌ನ ನಟ್ ಅಲುಗಾಟಕ್ಕೆ ಸಡಿಲ ಆಗಿದ್ಯಾ, ಪಿನ್ ಸವೆದಿದ್ಯಾ, ಮಸಿ ಕೂತಿದ್ಯಾ ನೋಡಿ.

ಇದಕ್ಕಿಂತ ದೊಡ್ಡ ವಿಷಯ ಒಂದಿದೆ, ಅದನ್ನ ಇಬ್ರೂ ಕೂತು ಓದಿ. ಮಷಿನ್ ನಿಂತಾಗ ಅಪಾಯ ಮುಗಿದಿರಲ್ಲ, ಅಲ್ಲಿಂದ ಶುರುವಾಗುತ್ತೆ. ಒಂದೇ ಸಮ ಓಡ್ತಿರೋ ಪ್ರೆಸ್‌ನಲ್ಲಿ ಒಂದು ಕೇಸಿಗೆ ಎರಡು ಸಲ ಮದ್ದು ಬೀಳೋದು ಕಷ್ಟ, ಪ್ಲೇಟ್ ತಿರುಗ್ತಾ ಇರುತ್ತೆ. ಬೀಳೋದು ಯಾವಾಗ ಅಂದ್ರೆ, ಏನೋ ಸಿಕ್ಕಾಕ್ಕೊಂಡು ಅರ್ಧಕ್ಕೆ ನಿಲ್ತು, ನೀವು ಮೋಟರ್ ಹಿಂದಕ್ಕೆ ತಿರುಗಿಸಿದ್ರಿ, ಸಿಕ್ಕಿದ್ದನ್ನ ತೆಗೆದ್ರಿ, ಮತ್ತೆ ಮುಂದಕ್ಕೆ ಒತ್ತಿದ್ರಿ, ಆ ಹೊತ್ತಲ್ಲಿ ಮದ್ದಿನ ಸ್ಟೇಷನ್ ಕೆಳಗಿದ್ದ ಕೇಸಿಗೆ ಮತ್ತೊಮ್ಮೆ ಬಿತ್ತು. ಇಲ್ಲಾ ಒಂದು ಕೇಸು ತೆಗೆದು ನೋಡಿ ಪಕ್ಕದ ಮನೆಗೆ ಹಾಕಿದ್ರಿ, ಅದು ಮದ್ದಿನ ಸ್ಟೇಷನ್ ದಾಟ್ಬಿಟ್ಟಿತ್ತು, ಮದ್ದೇ ಇಲ್ಲ. ಸೆನ್ಸರ್ ಜಾಸ್ತಿ ಇದ್ದಷ್ಟೂ ಮಷಿನ್ ಜಾಸ್ತಿ ನಿಲ್ಲುತ್ತೆ, ಮತ್ತೆ ಶುರು ಮಾಡೋ ಸಂದರ್ಭಾನೂ ಜಾಸ್ತಿ ಆಗುತ್ತೆ, ಇದನ್ನ ಮಾರೋರು ಯಾರೂ ಹೇಳಲ್ಲ.

ಹಾಗಾಗಿ ಮನೆಯ ನಿಯಮ ಒಂದು ಮಾಡ್ಕೊಳ್ಳಿ. ಯಾವ ಕಾರಣಕ್ಕೆ ನಿಂತ್ರೂ ಸರಿ, ಮದ್ದಿನ ಸ್ಟೇಷನ್‌ನಲ್ಲಿ, ಅದರ ಮುಂದಿನ ಸೆನ್ಸರ್ ಸ್ಟೇಷನ್‌ನಲ್ಲಿ ಇರೋ ಕೇಸ್‌ಗಳನ್ನ ಹೊರಗೆ ತೆಗೀಬೇಕು, ಮದ್ದನ್ನ ಹಾಪರ್‌ಗೆ ವಾಪಸ್ ಸುರೀಬೇಕು, ಕೇಪಿರೋ ಆ ಕೇಸ್‌ಗಳನ್ನ ಪಕ್ಕದ ಡಬ್ಬಿಗೆ ಹಾಕ್ಬೇಕು. ಸರಿ ಇದ್ಯಾ ಅಂತ ನೋಡಿ ವಾಪಸ್ ಇಡೋದು ಬೇಡ, ಅನುಮಾನ ಪಟ್ಟು ಇಡೋದೂ ಬೇಡ, ತೆಗೆಯೋದೇ. ಒಂದು ಕೇಸಿಗೆ ಹೋಗೋ ಮದ್ದು ಎಷ್ಟು, ನಾಲ್ಕೈದು ಗ್ರೇನ್. ಇನ್ನೊಂದು, ನಿಲ್ಲಿಸಿದೋರೇ ಮತ್ತೆ ಶುರು ಮಾಡ್ಬೇಕು. ನೀವು ಬಿಚ್ಚಿ ಅರ್ಧ ಮಾಡಿದ್ದನ್ನ ಭಾವ ಬಂದು ಸ್ವಿಚ್ ಒತ್ತೋದು, ಅವರು ಫೋನಿಗೆ ಎದ್ದೋದಾಗ ನೀವು ಒತ್ತೋದು, ಇದು ಆಗ್ಲೇಬಾರ್ದು.

ಪ್ರಶ್ನೆ: ಇಷ್ಟೆಲ್ಲ ಸೆನ್ಸರ್ ಬದಲು ಒಂದು ಕ್ಯಾಮೆರಾ, ಎಐ ಹಾಕಿದ್ರೆ ಆಗಲ್ವಾ ಸರ್?

ಉತ್ತರ: ಕೇಪು ತಲೆಕೆಳಗಾಗಿದ್ಯಾ ಅಂತ ಹೇಳೋಕೆ ಕ್ಯಾಮೆರಾ ಒಳ್ಳೇದು, ಎರಡು ಮುಖಕ್ಕೂ ನೋಡೋಕೆ ಸ್ಪಷ್ಟ ವ್ಯತ್ಯಾಸ ಇದೆ. ಮದ್ದಿನ ಎತ್ತರಕ್ಕೆ ಕಷ್ಟ, ಆಳದ ಹೊಳೆಯೋ ಹಿತ್ತಾಳೆಯೊಳಗೆ ಕಪ್ಪು ಪುಡಿ, ಮೇಲಿಂದ ನೋಡಿದ್ರೆ ಒಂದು ಚಾರ್ಜ್‌ಗೂ ಎರಡಕ್ಕೂ ಕ್ಯಾಮೆರಾ ಮೋಸ ಹೋಗಬಹುದು. ಕೇಸಿನೊಳಗೆ ಬೆಳಕು ಬೀಳೋ ಹಾಗೆ ಒಂದು ಸಣ್ಣ ಎಲ್‌ಇಡಿ, ಕಣ್ಣಿನ ಎತ್ತರದಲ್ಲಿ ಒಂದು ಸ್ಕ್ರೀನ್ ಇಟ್ಟು ನೀವೇ ನೋಡೋದು ತುಂಬಾ ಒಳ್ಳೇ ಅಭ್ಯಾಸ. ಕಡ್ಡಿಯ ಸೆನ್ಸರ್ ಜೊತೆಗೆ ಅದು ಇರಲಿ, ಅದರ ಬದಲಿಗೆ ಬೇಡ.

ಪ್ರಶ್ನೆ: ನನ್ನ ಮಗ ಶೂಟಿಂಗ್ ಸ್ಪರ್ಧೆಗೆ ಹೋಗ್ತಾನೆ. ಮೋಟರ್ ಪ್ರೆಸ್, ಮದ್ದಿನ ಸೆನ್ಸರ್ ಎಲ್ಲಾ ಇದೆ. ಆದ್ರೂ ಮೊನ್ನೆ ರೇಂಜ್‌ನಲ್ಲಿ ಒಂದು ಕಾಡತೂಸು ಪುಸ್ ಅಂತಂತೆ, ಗುಂಡು ನಳಿಗೆಯಲ್ಲೇ ಸಿಕ್ಕೊಂಡಿತ್ತಂತೆ, ಪಕ್ಕದಲ್ಲಿದ್ದೋರು ಕೂಗಿ ನಿಲ್ಲಿಸಿದ್ರಂತೆ. ಸೆನ್ಸರ್ ಇತ್ತಲ್ಲಮ್ಮ, ಹೇಗಾಯ್ತೋ ಗೊತ್ತಿಲ್ಲ ಅಂತಾನೆ. ಉಳಿದಿದ್ದನ್ನ ತೂಕ ಮಾಡಿ ನೋಡಿ ಹಾರಿಸ್ತೀನಿ ಅಂತಿದಾನೆ. ನನಗೆ ನಿದ್ದೆ ಬರ್ತಿಲ್ಲ.

ಉತ್ತರ: ತಾಯಿ, ಗಾಬರಿ ಆಗೋ ವಿಷಯನೇ. ಆ ಕೂಗಿದ ಪುಣ್ಯಾತ್ಮರಿಗೆ ನಿಮ್ಮ ಮಗ ಒಂದು ಧನ್ಯವಾದ ಹೇಳ್ಲಿ, ಆ ಹೊತ್ತಲ್ಲಿ ಕೆಲಸ ಮಾಡಿದ್ದು ಅವರ ಕಿವಿ. ಸದ್ದು ಸಣ್ಣದಾಯ್ತು, ಕೈಗೆ ಒದೆತ ಬರಲಿಲ್ಲ ಅಂದ್ರೆ ಯಾರೇ ಆಗ್ಲಿ ಬೆರಳು ತೆಗೀಬೇಕು, ನಳಿಗೆ ಗುರಿ ಕಡೆಗೇ ಇಟ್ಟು ಸ್ವಲ್ಪ ಹೊತ್ತು ಕಾಯ್ಬೇಕು, ಪಿಸ್ತೂಲ್ ಖಾಲಿ ಮಾಡ್ಬೇಕು, ನಳಿಗೆಯೊಳಗೆ ಏನೂ ಇಲ್ಲ ಅಂತ ಖಾತ್ರಿ ಆಗೋವರೆಗೂ ಇನ್ನೊಂದು ಹಾಕ್ಬಾರ್ದು. ಸ್ಪರ್ಧೆಯ ಟೈಮ್ ಹೋದ್ರೆ ಹೋಗ್ಲಿ.

ಸೆನ್ಸರ್ ದಾಟಿ ಹೇಗೆ ಬಂತು ಅಂದ್ರೆ ಹಲವು ದಾರಿ ಇದೆ. ಕೇಸು ಉಜ್ಜಿ ತೊಳೆಯೋಕೆ ಹಾಕೋ ಜೋಳದ ದಿಂಡಿನ ಪುಡಿ, ಅಕ್ರೋಟಿನ ಚಿಪ್ಪಿನ ಚೂರು ಒಳಗೇ ಕಚ್ಕೊಂಡು ಉಳಿದಿದ್ರೆ ಕಡ್ಡಿ ಅದರ ಮೇಲೆ ಕೂತು ಎತ್ತರ ಸರಿ ಇದೆ ಅಂತ ಹೇಳಿರುತ್ತೆ. ಬೇರೆ ಗಾತ್ರದ ಕಾಡತೂಸಿಗೆ ಸೆಟ್ ಮಾಡಿದ್ದನ್ನ ಬದಲಾಯಿಸದೇ ಬಿಟ್ಟಿರಬಹುದು. ಪ್ಲೇಟ್ ಝಟ್ ಅಂತ ತಿರುಗೋವಾಗ ಸೆನ್ಸರ್ ದಾಟಿದ ಮೇಲೆ ಮದ್ದು ಚೆಲ್ಲಿರಬಹುದು, ಆಗ ಪ್ಲೇಟ್ ಮೇಲೆ ಮದ್ದಿನ ಪುಡಿ ಕಾಣುತ್ತೆ, ಕಂಡ್ರೆ ವೇಗ ಇಳಿಸ್ಬೇಕು. ಮಧ್ಯೆ ನಿಲ್ಲಿಸಿ ಶುರು ಮಾಡಿದ್ನಾ ಅಂತಲೂ ಕೇಳಿ.

ಸೆನ್ಸರ್ ಕೆಲಸ ಮಾಡ್ತಿದ್ಯಾ ಅಂತ ತಿಳಿಯೋಕೆ ಇರೋ ದಾರಿ ಒಂದೇ, ತಪ್ಪನ್ನ ಬೇಕಂತಲೇ ತೋರಿಸೋದು. ಕೇಪು ತೆಗೆದ ಎರಡು ಕೇಸು ತಗೊಳ್ಳಿ, ಹೊರಗೆ ಗಾಢ ಬಣ್ಣ ಬಳಿದಿರಲಿ. ಒಂದು ಖಾಲಿ. ಇನ್ನೊಂದರಲ್ಲಿ ಡಬಲ್ ಚಾರ್ಜ್ ಎತ್ತರಕ್ಕೆ ಸರಿಯಾಗಿ ಒಂದು ಮರದ ಬಿರಡೆ ಅಂಟಿಸಿರಲಿ. ಪ್ರತಿ ಸಲ ಕೂರೋಕ್ ಮುಂಚೆ ಒಂದೊಂದನ್ನೇ ಸೆನ್ಸರ್ ಸ್ಟೇಷನ್‌ನಲ್ಲಿಟ್ಟು ನಡೆಸಿ, ಎರಡಕ್ಕೂ ಮಷಿನ್ ನಿಂತ್ರೆ ಮಾತ್ರ ಕೆಲಸ ಶುರು. ಮಧ್ಯೆ ಮದ್ದಿನ ಅಳತೆ ಬದಲಾಯಿಸಿದ್ರೆ, ಕೇಸಿನ ಗಾತ್ರ ಬದಲಾಯಿಸಿದ್ರೆ ಮತ್ತೆ ಇದೇ ಪರೀಕ್ಷೆ. ಈ ಪರೀಕ್ಷೆ ಮಾಡದೇ ಇರೋ ಸೆನ್ಸರ್ ಇದೆ ಅಂತ ಲೆಕ್ಕಕ್ಕೇ ಹಿಡೀಬೇಡಿ ಅಂತ ನಿಮ್ಮ ಮಗನಿಗೆ ನನ್ನ ಹೆಸರಲ್ಲಿ ಹೇಳಿ.

ತೂಕದ ವಿಷಯ. ತಯಾರಾದ ಪಿಸ್ತೂಲ್ ಕಾಡತೂಸನ್ನ ತೂಗಿ ಮದ್ದು ಇದ್ಯಾ ಇಲ್ವಾ ಹೇಳೋಕೆ ಆಗಲ್ಲ. ಬೇರೆ ಬೇರೆ ಕಂಪನಿಯ 9 ಎಂಎಂ ಖಾಲಿ ಕೇಸ್‌ಗಳ ತೂಕದಲ್ಲೇ ಕೆಲವು ಗ್ರೇನ್ ವ್ಯತ್ಯಾಸ ಇರುತ್ತೆ, ಗುಂಡಲ್ಲೂ ಸ್ವಲ್ಪ ಇರುತ್ತೆ, ನಾಲ್ಕೈದು ಗ್ರೇನ್ ಮದ್ದು ಆ ವ್ಯತ್ಯಾಸದೊಳಗೆ ಮುಳುಗಿಹೋಗುತ್ತೆ. ಕಿವಿ ಹತ್ರ ಅಲ್ಲಾಡಿಸಿ ಕೇಳೋದೂ ನಂಬೋ ಹಾಗಿಲ್ಲ. ಆ ದಿನ ತುಂಬಿದ್ದು ಅಷ್ಟನ್ನೂ ಬೇರೆ ಡಬ್ಬಿಗೆ ಹಾಕಿ, ಹಾರಿಸಬಾರ್ದು ಅಂತ ಚೀಟಿ ಅಂಟಿಸಿ, ಬುಲೆಟ್ ಪುಲ್ಲರ್‌ನಲ್ಲಿ ಒಂದೊಂದಾಗಿ ಬಿಚ್ಚಬೇಕು. ಬೇಜಾರಿನ ಕೆಲಸ, ಸಂಜೆಗಳು ಹೋಗುತ್ವೆ, ಆದ್ರೂ ಮಾಡ್ಲಿ. ಬಿಚ್ಚಿದ ಪ್ರತಿ ಕೇಸಿನ ಮದ್ದನ್ನ ತೂಗಿ ಬರೀತಾ ಹೋದ್ರೆ ಒಂದೇ ಕೇಸು ಖಾಲಿ ಇತ್ತಾ, ಇಲ್ಲಾ ಇನ್ನೆಲ್ಲೋ ಡಬಲ್ ಬಿದ್ದಿದ್ಯಾ ಅಂತ ಗೊತ್ತಾಗುತ್ತೆ, ಜೋಳದ ಪುಡಿ ಕಂಡ್ರೆ ಕಾರಣಾನೂ ಸಿಗುತ್ತೆ. ಹಾಗೆ ಬಿಚ್ಚಿ ತೆಗೆದ ಮದ್ದಲ್ಲಿ ಕಸ ಬೆರೆತಿರೋ ಅನುಮಾನ ಇದ್ರೆ ಅದನ್ನ ಮತ್ತೆ ಹಾಪರ್‌ಗೆ ಹಾಕೋದು ಬೇಡ.